ಗೂಡಿನ ಮಾರುಕಟ್ಟೆಯ ರೂಟರ್

"ಎಷ್ಟು ದಿನ ಮಾತು ಬಿಟ್ಟರೆ ಎದುರಿನವನಿಗೆ ಬುದ್ಧಿ ಬರುತ್ತದೆ, ಗುರುಗಳೇ?" ಎಂದು ಮರಿಸ್ವಾಮಿ ಕೇಳಿದ.

ಗುರುಗಳೆಂದರೆ ಕೆಂಪಯ್ಯ ಮೇಷ್ಟ್ರು. ಜಟೆಯಿಲ್ಲ, ಕಮಂಡಲವಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ನೆಟ್‌ವರ್ಕ್ ಕೆಲಸ ಕಲಿಸುತ್ತಿದ್ದರು. ಒಂದೂರಿನ ಕಂಪ್ಯೂಟರಿನ ಮಾತನ್ನು ಇನ್ನೊಂದೂರಿಗೆ ದಾರಿ ತೋರಿಸಿ ಸಾಗಿಸುವ ಪೆಟ್ಟಿಗೆಗೆ ರೂಟರ್ ಎನ್ನುತ್ತಾರೆ. ಆ ಪೆಟ್ಟಿಗೆಯ ಖಾಲಿ ಖಾನೆಗೆ ಮಾಡ್ಯೂಲ್ ಎಂಬ ಹಲಗೆಯನ್ನು ತೂರಿಸಿ ಸ್ಕ್ರೂ ಬಿಗಿಯುವುದು, ಹಲಗೆಯ ಪೋರ್ಟುಗಳಿಗೆ ಕೇಬಲ್ ಚುಚ್ಚುವುದು, ಆಮೇಲೆ ಯಾವ ಪೋರ್ಟು ಏನು ಮಾಡಬೇಕೆಂದು ಟೈಪ್ ಮಾಡಿ ಆಜ್ಞೆ ಕೊಡುವುದು, ಇದು ಅಲ್ಲಿಯ ವಿದ್ಯೆ. ಕೆಳಗೆ ರಾಗಿ ಬೀಸುವಾಗ ಮೇಲೆ ಮೇಜು ಅದುರುತ್ತಿತ್ತು. ಶಿಷ್ಯರ ತಲೆಯ ಮೇಲೂ ರೂಟರಿನ ತಲೆಯ ಮೇಲೂ ಹಿಟ್ಟು ಒಂದೇ ಸಮನಾಗಿ ಕೂರುತ್ತಿತ್ತು.

"ಈಗ ಯಾರಿಗೆ ಬುದ್ಧಿ ಬರಬೇಕಾಗಿದೆ?" ಎಂದರು ಮೇಷ್ಟ್ರು.

ಮರಿಸ್ವಾಮಿ ಹೇಳಿಕೊಂಡ. ಊರಿನಲ್ಲಿ ಅವನ ತಮ್ಮ ಬೋರಲಿಂಗನಿಗೆ ಗಂಡು ಮಗು ಹುಟ್ಟಿದೆ. ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ಅವರ ಮನೆಯಲ್ಲಿ ನಡೆದುಕೊಂಡು ಬಂದದ್ದು. ತಾತ ಎಂದರೆ ಇವರ ಅಪ್ಪ, ತೀರಿಹೋದ ಚಿಕ್ಕಬೋರಯ್ಯ. ತಮ್ಮ ಮಾತ್ರ ಅಣ್ಣನನ್ನು ಒಂದು ಮಾತೂ ಕೇಳದೆ ಮಗುವಿಗೆ ಋಷಾಂಕ್ ಎಂದು ಹೆಸರಿಟ್ಟು, ತೊಟ್ಟಿಲ ಫೋಟೋ ಕಳಿಸಿ ಕೈ ತೊಳೆದುಕೊಂಡಿದ್ದಾನೆ.

"ಅವತ್ತೇ ಅವನ ನಂಬರ್ ಬ್ಲಾಕ್ ಮಾಡಿದೆ. ತಪ್ಪಾಯ್ತು ಅಣ್ಣ ಅಂತ ಒಂದು ಮಾತು ಹೇಳಲಿ, ತೆಗೀತೀನಿ. ತಿಂಗಳುಗಟ್ಟಲೆ ಆಯ್ತು ಗುರುಗಳೇ, ಪುಣ್ಯಾತ್ಮ ಇವತ್ತಿನವರೆಗೆ ಒಂದು ಫೋನ್ ಮಾಡಿಲ್ಲ. ಎಂಥ ಕೊಬ್ಬು ನೋಡಿ ಅವನಿಗೆ."

ಮೇಷ್ಟ್ರು ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಟ್ಟರು. ಬುದ್ಧಿ ಯಾವಾಗ ಬರುತ್ತದೆ ಎಂದು ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೂಟರ್ ಕೆಲಸದವನಿದ್ದ. ಹೆಸರು ಬೇಡ, ಹೇಳಿದರೆ ನಮ್ಮ ಚಿಕ್ಕಮ್ಮನ ಕಡೆಯವನು ಎಂದು ಯಾರಾದರೂ ಜಗಳಕ್ಕೆ ಬರುತ್ತಾರೆ. ಕೆಲಸದಲ್ಲಿ ಚೊಕ್ಕ. ಅವನು ಬಿಗಿದ ಸ್ಕ್ರೂ ಸಡಿಲವಾಗುತ್ತಿರಲಿಲ್ಲ, ಅವನು ಎಳೆದ ಕೇಬಲ್ ಜೋತು ಬೀಳುತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಅವನಿಗೇ ಗೊತ್ತಿತ್ತು.

ದೂರದ ತಾಲೂಕಿನ ರೇಷ್ಮೆ ಗೂಡಿನ ಮಾರುಕಟ್ಟೆಗೆ ಅವನು ಹೊಸ ಮಾಡ್ಯೂಲ್ ಹಾಕಿ ಬಂದಿದ್ದ. ಅಲ್ಲಿ ರೈತರು ಗೂಡು ತಂದು ಸುರಿಯುತ್ತಾರೆ, ನೂಲು ತೆಗೆಯುವ ರೀಲರುಗಳು ಮೊಬೈಲಿನಲ್ಲೇ ಹರಾಜು ಕೂಗುತ್ತಾರೆ, ಕೂಗಿದ ಬೆಲೆ ಗೋಡೆಯ ಪರದೆಯ ಮೇಲೆ ಮೂಡುತ್ತದೆ. ಕೂಗೂ ಬೆಲೆಯೂ ನಗರದ ದೊಡ್ಡ ಆಫೀಸಿನ ಕಂಪ್ಯೂಟರಿಗೆ ಹೋಗಿ ಬರಬೇಕು. ಹೋಗಿ ಬರುವ ದಾರಿ ಒಂದೇ, ಆ ರೂಟರ್.

ಅವನು ಮೊದಲ ಸಲ ಹೋದಾಗ ರೂಟರ್ ಕಿಟಕಿಯ ಕಟ್ಟೆಯ ಮೇಲೆ ಅನಾಥವಾಗಿ ಕೂತಿತ್ತು. ಪೆಟ್ಟಿಗೆ ಸದಾ ಬೆಚ್ಚಗಿರುತ್ತದೆ ಎಂದು ಗುಮಾಸ್ತರು ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದರು. ಅದರ ಪ್ಲಗ್ ಕಿತ್ತು ಫೋನಿಗೆ ಚಾರ್ಜ್ ಹಾಕಿಕೊಳ್ಳುವವರೂ ಇದ್ದರು. ಅವನಿಗೆ ಹೊಟ್ಟೆ ಉರಿಯಿತು. ಕಬ್ಬಿಣದ ಬೀರು ತರಿಸಿದ. ರೂಟರನ್ನು ಒಳಗೆ ಕೂರಿಸಿ, ಮಾಡ್ಯೂಲ್ ತೂರಿಸಿ, ನಗರದಿಂದ ಬಂದ ಲೈನನ್ನು ಹಳೆಯ ಪೋರ್ಟಿನಿಂದ ಕಿತ್ತು ಹೊಸ ಹಲಗೆಯ ಪೋರ್ಟಿಗೆ ಚುಚ್ಚಿದ. ಕರೆಂಟು ಹೋದರೂ ಪೆಟ್ಟಿಗೆ ಆರಬಾರದೆಂದು ಬೀರುವಿನೊಳಗೇ ದೊಡ್ಡ ಬ್ಯಾಟರಿ ಇಟ್ಟ. ಎಲ್ಲ ಮುಗಿದ ಮೇಲೆ ರೇಷ್ಮೆ ಇಲಾಖೆಯ ಬೀಗ ಜಡಿದು, ಬೀಗದ ಕೈಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡ.

"ಇನ್ನು ಇದನ್ನು ನನ್ನ ಬಿಟ್ಟು ಯಾರೂ ಮುಟ್ಟೋಕಾಗಲ್ಲ" ಎಂದು ಹೇಳಿ ಬಂದ. ಅದು ಮುಂದೆ ಅಕ್ಷರಶಃ ನಿಜವಾಯಿತು.

ಅವನಿಗೆ ಆಗ ತಾನೇ ಮದುವೆಯಾಗಿತ್ತು. ಆಷಾಢ ಬಂತೆಂದು ಹೆಂಡತಿಯನ್ನು ತವರಿಗೆ ಕಳಿಸಿದ್ದರು. ಹೊಸದಾಗಿ ಮದುವೆಯಾದವನಿಗೆ ಆಷಾಢ ಎಷ್ಟು ಉದ್ದದ ತಿಂಗಳು ಎಂಬುದನ್ನು ಪಂಚಾಂಗ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿಕೊಂಡು ಉಂಡ. ಶ್ರಾವಣ ಹುಟ್ಟಿದ್ದೇ ತಡ, ಗರಿಗರಿ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಹೆಂಡತಿಯನ್ನು ಕರೆತರಲು ಮಾವನ ಮನೆಗೆ ಹೋದ.

ಹೆಂಡತಿ ಹೂ ಮುಡಿದು ಸಿದ್ಧವಾಗಿದ್ದಳು. ಅವಳ ಚೀಲ ಬಾಗಿಲ ಬಳಿ ಬಂದಿತ್ತು. ಅಡುಗೆಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಅತ್ತೆ ಮಾತ್ರ ಕಟ್ಟುನಿಟ್ಟಾಗಿ ಹೇಳಿದರು: "ಮಧ್ಯಾನದವರ್ಗೂ ಒಳ್ಳೆ ಗಳಿಗೆ ಐತೆ. ಆಮೇಲೆ ರಾಹುಕಾಲ, ಅದ್ರ ಹಿಂದೇನೇ ತಿಥಿ ಕೆಡ್ತದೆ. ಬಿರ್‍ನೆ ಉಂಡು ಹೊಸ್ಲು ದಾಟ್ಬುಡಿ. ಇವತ್ತು ತಪ್ಪಿದ್ರೆ ಹುಣ್ಣಿಮೆ ಕಳೀವರ್ಗೂ ನಾನು ಮಗಳ್ನ ಕಳಿಸಾಕಿಲ್ಲ."

ಹುಣ್ಣಿಮೆ ಎಂಬ ಮಾತು ಕೇಳಿ ಅವನು ಬೆರಳು ಮಡಿಸಿ ದಿನ ಎಣಿಸಿದ. ಇವತ್ತು ಏನಾದರೂ ಸರಿ, ಇವಳನ್ನು ಕರೆದುಕೊಂಡೇ ಹೋಗುತ್ತೇನೆ ಎಂದುಕೊಂಡ.

ಮಾವ ಜಗಲಿಯಲ್ಲಿ ಕೂತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಮನುಷ್ಯ ಒಂದೂರು ಬಿಟ್ಟು ಇನ್ನೊಂದೂರಿಗೆ ಹೋದರೆ ಅದು ಕೆಲಸ, ಕೂತಲ್ಲೇ ಕೂತರೆ ಸೋಮಾರಿತನ, ಇದು ಅವರ ಲೆಕ್ಕ. ಹೆಣ್ಣು ನೋಡಲು ಬಂದ ದಿನ ಕೇಳಿದ್ದ ಪ್ರಶ್ನೆಯನ್ನೇ ಲಗ್ನಪತ್ರಿಕೆಯ ದಿನವೂ ಕೇಳಿದ್ದರು. ಈಗಲೂ ಅದನ್ನೇ ಕೇಳಿದರು.

"ಅಳಿಯಂದ್ರೆ, ತಪ್ಪು ತಿಳ್ಕೋಬೇಡಿ. ನೀವು ಮಾಡೋ ಕೆಲ್ಸ ಅಂದ್ರೆ ಏನು?"

ಉತ್ತರ ಹುಡುಕುತ್ತಿರುವಾಗಲೇ ಗೂಡಿನ ಮಾರುಕಟ್ಟೆಯ ಅಧಿಕಾರಿಯ ಫೋನು ಬಂತು. "ಸಾರ್, ಗೋಡೆ ಮೇಲಿನ ಸ್ಕ್ರೀನು ತೊದಲ್ತಾ ಇದೆ. ರೇಟು ಒಂದ್ಸಲ ಬರುತ್ತೆ, ಒಂದ್ಸಲ ಮಾಯ ಆಗುತ್ತೆ. ರೀಲರುಗಳು ಗಲಾಟೆ ಮಾಡ್ತಾವ್ರೆ."

ಅವನಿಗೆ ಕಾರಣ ಆ ಕ್ಷಣವೇ ಹೊಳೆಯಿತು. ಹೊಸ ಪೋರ್ಟಿನ ವೇಗವೂ ಲೈನಿನ ಆಚೆ ತುದಿಯ ವೇಗವೂ ಒಂದೇ ಆಗಿಲ್ಲ. ಒಂದು ಓಡುತ್ತಿದೆ, ಇನ್ನೊಂದು ನಡೆಯುತ್ತಿದೆ. ವೇಗ ಸರಿ ಮಾಡಿ, ಪೋರ್ಟನ್ನು ಒಂದು ಸಲ ಮುಚ್ಚಿ ತೆರೆದರೆ ಆಯಿತು. ಅವನ ಕಸುಬಿನಲ್ಲಿ ಮುಚ್ಚಿ ತೆರೆಯುವುದು ಮನೆಮದ್ದು. ಬಿಕ್ಕಳಿಕೆ ಬಂದ ಮಗುವಿನ ಬೆನ್ನಿಗೆ ತಟ್ಟಿದ ಹಾಗೆ.

"ಬನ್ನಿ ಮಾವ, ಪಕ್ಕದಲ್ಲಿ ಕೂತ್ಕೊಳ್ಳಿ. ನನ್ನ ಕೆಲ್ಸ ಏನು ಅಂತ ತೋರಿಸ್ತೀನಿ" ಎಂದು ಜಗಲಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿದ.

"ಅಲ್ಲಿಗೆ ಹೋಗೋದೇ ಬ್ಯಾಡ್ವಾ?"

"ಹೋಗೋದೆಲ್ಲ ನಿಮ್ಮ ಕಾಲ ಮಾವ. ಈಗ ಎಲ್ಲ ಇಲ್ಲಿಂದ್ಲೇ."

ಕೆಲಸ ಕಲಿತ ಕಾಲದಲ್ಲಿ ಅವನು ರೂಟರಿನ ಪಕ್ಕದಲ್ಲೇ ಕೂರುತ್ತಿದ್ದ. ಒಂದು ನೀಲಿ ಕೇಬಲನ್ನು ನೇರವಾಗಿ ಅದರ ಬೆನ್ನಿಗೆ ಚುಚ್ಚಿಕೊಂಡು ಆಜ್ಞೆ ಕೊಡುತ್ತಿದ್ದ. ಆಗ ಯಾವ ಪೋರ್ಟು ಮುಚ್ಚಿದರೂ ನೀಲಿ ಕೇಬಲ್ ಇದ್ದೇ ಇರುತ್ತಿತ್ತು. ಮುಚ್ಚು, ತೆರೆ, ಮುಚ್ಚು, ತೆರೆ ಎಂದು ಬೆರಳು ಪಳಗಿಹೋಗಿತ್ತು. ಈಗ ಅವನು ಕೂತದ್ದು ಮಾವನ ಜಗಲಿಯ ಮೇಲೆ. ನೀಲಿ ಕೇಬಲ್ ಇಲ್ಲ. ಅವನ ಒಂದೊಂದು ಅಕ್ಷರವೂ ಊರು ಕೆರೆ ದಾಟಿ, ಆ ಲೈನಿನಲ್ಲಿ ಹೋಗಿ, ಆ ಪೋರ್ಟಿನ ಮೂಲಕವೇ ರೂಟರಿನ ಕಿವಿಗೆ ಬೀಳಬೇಕು. ತಲೆಗೆ ಇದು ಗೊತ್ತಿತ್ತು. ಬೆರಳು ತಲೆಯನ್ನು ಕೇಳಲಿಲ್ಲ.

ವೇಗ ಸರಿಪಡಿಸಿದ. ಆಮೇಲೆ, ಮಾವ ನೋಡುತ್ತಿದ್ದಾರೆಂದು ಸ್ವಲ್ಪ ಠೀವಿಯಿಂದಲೇ, ಮುಚ್ಚು ಎಂದು ಟೈಪ್ ಮಾಡಿ ಒತ್ತಿದ.

ರೂಟರಿನಷ್ಟು ವಿಧೇಯ ವಸ್ತು ಲೋಕದಲ್ಲಿಲ್ಲ. ಮುಚ್ಚಿತು.

ತೆರೆ ಎಂದು ಟೈಪ್ ಮಾಡಿದ. ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ. ಇನ್ನೊಮ್ಮೆ ಮಾಡಿದ. ಇನ್ನಷ್ಟು ಗಟ್ಟಿಯಾಗಿ ಒತ್ತಿದ. ಗಟ್ಟಿಯಾಗಿ ಒತ್ತಿದರೆ ದೂರ ಹೋದೀತು ಎಂದು ಇಂಥ ಹೊತ್ತಿನಲ್ಲಿ ಎಲ್ಲರಿಗೂ ಅನ್ನಿಸುತ್ತದೆ.

"ಏನಂತದೆ?" ಎಂದರು ಮಾವ.

"ಯೋಚನೆ ಮಾಡ್ತಿದೆ."

ಮಾವ ಎಲೆ ಅಡಿಕೆ ಹಾಕಿಕೊಂಡರು. ಅಗಿದು ಮುಗಿಸಿದರು. "ಇನ್ನೂ ಯೋಚನೇನಾ?"

"ಉತ್ತರ ಕೊಡ್ತಿಲ್ಲ ಮಾವ. ಹಠಮಾರಿ ಪೆಟ್ಟಿಗೆ. ಎಷ್ಟು ಕರೆದ್ರೂ ಕಿವುಡನ ಥರ ಕೂತಿದೆ" ಎಂದು ಅವನು ರೂಟರಿಗೆ ಸಹಸ್ರನಾಮ ಶುರುಮಾಡಿದ. ಎಂಥ ಮುತುವರ್ಜಿಯಿಂದ ಬೀರು ಮಾಡಿಸಿ ಇಟ್ಟಿದ್ದೆ, ಅದಕ್ಕೆ ಇದು ಕೊಡುವ ಮರ್ಯಾದೆ ಇಷ್ಟು ಎಂದ. ಮಾವ ಹೂಂಗುಟ್ಟಿದರು.

ಅಷ್ಟರಲ್ಲಿ ಮತ್ತೆ ಫೋನು. "ಸಾರ್, ಈಗ ಸ್ಕ್ರೀನು ತೊದಲ್ತಾ ಇಲ್ಲ" ಎಂದರು ಅಧಿಕಾರಿ. ಅವನಿಗೆ ಹೋದ ಜೀವ ಬಂದಂತಾಯಿತು. "ಪೂರ್ತಿ ನಿಂತೋಯ್ತು" ಎಂದರು ಅಧಿಕಾರಿ.

ಆಗ ಅವನ ತಲೆಗೆ ಹತ್ತಿತು. ಮುಚ್ಚು ಎಂಬ ಮಾತು ಯಾವ ಬಾಗಿಲಿನಿಂದ ಒಳಗೆ ಹೋಯಿತೋ ತೆರೆ ಎಂಬ ಮಾತೂ ಅದೇ ಬಾಗಿಲಿನಿಂದ ಹೋಗಬೇಕಿತ್ತು. ಮೊದಲನೆಯದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದೆ. ಎರಡನೆಯದು ಹೊರಗೆ ನಿಂತು ಬಡಿಯುತ್ತಿದೆ.

ಆದರೂ ಧೈರ್ಯಗೆಡಲಿಲ್ಲ. ಒಮ್ಮೆ ಆರಿಸಿ ಹಾಕಿದರೆ ರೂಟರ್ ಈಗಿನ ಆಜ್ಞೆಯನ್ನು ಮರೆತು, ಮೊದಲಿನ ಹಾಗೆ ತೆರೆದುಕೊಂಡೇ ಏಳುತ್ತದೆ. "ಮೇನ್ ಸ್ವಿಚ್ ಆರಿಸಿ ಹಾಕಿ ಸಾರ್" ಎಂದ.

"ಆರಿಸಿದ್ವಿ. ಫ್ಯಾನು ನಿಂತವು, ಲೈಟು ಹೋದವು. ನಿಮ್ಮ ಪೆಟ್ಟಿಗೆ ಮಾತ್ರ ಬೀರು ಒಳಗೆ ಗುಂಯ್ ಅಂತಾನೇ ಐತೆ. ಬ್ಯಾಟರಿ ಭಾಳ ಚೆನ್ನಾಗಿ ಹಾಕಿದ್ದೀರಿ ಸಾರ್."

"ಹಂಗಾದ್ರೆ ಬೀರು ತೆಗೀರಿ."

"ಬೀಗದ ಕೈ?"

ಅವನು ಜೇಬು ಮುಟ್ಟಿ ನೋಡಿಕೊಂಡ. ಗೊಂಚಲು ಕೈಗೆ ಚುಚ್ಚಿತು. "ಬೀಗ ಒಡೆದುಬಿಡಿ" ಎಂದ.

"ಸರ್ಕಾರಿ ಬೀಗ ಸಾರ್. ಒಡೆಯೋಕೆ ದೊಡ್ಡ ಆಫೀಸಿಂದ ಅಪ್ಪಣೆ ಬರಬೇಕು. ಅಪ್ಪಣೆ ಬರೋದು ಈ ಲೈನಲ್ಲೇ."

ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರೂ ಸಿಗಲಿಲ್ಲ. ಬೀರು ಅವನದೇ, ಬ್ಯಾಟರಿ ಅವನದೇ, ಬೀಗ ಜಡಿದ ಕೈಯೂ ಅವನದೇ. ಎಲ್ಲವೂ ಅಚ್ಚುಕಟ್ಟಾದ ಕೆಲಸ. ಅಲ್ಲಿ ರೈತರು ಗೂಡಿನ ಮುಂದೆ ಕೂತಿದ್ದಾರೆ, ಹರಾಜು ನಡುವಿನಲ್ಲೇ ನಿಂತಿದೆ. ಹೋಗಲೇಬೇಕು. ಅವನು ಎದ್ದ.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹೋಗಿ ಬರೋ ಹೊತ್ತಿಗೆ ಗಳಿಗೆ ಇರ್ತದಾ?" ಎಂದಳು.

"ಇರ್ತದೆ" ಎಂದ. ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ತಿಂಗಳಿಡೀ ಕಾದದ್ದನ್ನು ಒಂದು ಬೆರಳಿನಲ್ಲಿ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು.

ಮಾವ ಹೆಗಲಿಗೆ ಟವೆಲ್ ಹಾಕಿಕೊಂಡು ಮೆಟ್ಟಿಲಿಳಿದರು. "ನಡೀರಿ, ನಾನೂ ಬತ್ತೀನಿ. ಕೂತಲ್ಲೇ ಮಾಡೋ ಕೆಲ್ಸಕ್ಕೆ ಯಾವ ಬಸ್ಸು ಹತ್ತಬೇಕು ಅಂತ ನಂಗೊತ್ತು."

ಬಸ್ಸಿನಲ್ಲಿ ಮಾವನನ್ನು ಅರಿಯದ ಜನವಿರಲಿಲ್ಲ. ನಿಲ್ದಾಣಕ್ಕೊಬ್ಬರು ಕೇಳುತ್ತಿದ್ದರು, ಏನಣ್ಣ, ಎತ್ಲಾಗೆ ಸವಾರಿ? "ಅಳಿಯಂದ್ರು ಕೆಲ್ಸ ತೋರಿಸಾಕೆ ಕರ್ಕೊಂಡು ಹೋಗ್ತಾವ್ರೆ" ಎಂದು ಮಾವ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದರು. ಚಾಲಕ ಚಹಾಕ್ಕೆ ನಿಲ್ಲಿಸಿದಾಗ ಅಳಿಯ ಕೆಳಗಿಳಿಯಲಿಲ್ಲ. ಕಿಟಕಿಗೆ ತಲೆಯಾನಿಸಿ ಹಾಳು ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದ.

ಮಾರುಕಟ್ಟೆಯಲ್ಲಿ ಗೂಡಿನ ವಾಸನೆ ದಟ್ಟವಾಗಿ ಹಬ್ಬಿತ್ತು. ರೈತರು ಗೂಡು ತುಂಬಿದ ತಟ್ಟೆಗಳ ಪಕ್ಕದಲ್ಲಿ ಕಾಲು ಚಾಚಿದ್ದರು. ಗೋಡೆಯ ಪರದೆಯ ಮೇಲೆ ಕೊನೆಗೆ ಬಂದ ಬೆಲೆಯೊಂದು ಹಾಗೇ ನಿಂತಿತ್ತು. ಅದು ತನ್ನದೆಂದು ಒಬ್ಬ ರೀಲರು, ಅಲ್ಲವೆಂದು ಇನ್ನೊಬ್ಬ, ಗಂಟಲು ಬಿದ್ದುಹೋಗುವವರೆಗೆ ವಾದ ಮಾಡಿ ಈಗ ಒಂದೇ ಬೆಂಚಿನಲ್ಲಿ ಮಲಗಿದ್ದರು. ಇವನು ಬಂದದ್ದು ಕಂಡು ಜನ ದಾರಿ ಬಿಟ್ಟರು. ದೊಡ್ಡ ಡಾಕ್ಟರಿಗೆ ಬಿಡುವ ಹಾಗೆ ಬಿಟ್ಟರು.

ಬೀಗ ತೆಗೆದ. ನೀಲಿ ಕೇಬಲನ್ನು ರೂಟರಿನ ಬೆನ್ನಿಗೆ ಚುಚ್ಚಿದ. ಲ್ಯಾಪ್‌ಟಾಪಿನ ಪರದೆ ತುಂಬ ಸಾಲುಗಳು ಬಂದವು. ತನಗೆ ಏನಾಯಿತು, ತಾನು ಏನು ಮಾಡಿದೆ ಎಂದು ರೂಟರ್ ತಾನಾಗಿಯೇ ಹೇಳಿಕೊಳ್ಳುತ್ತದೆ. ಮೊದಲ ಸಾಲಿನಲ್ಲಿತ್ತು: ಆಜ್ಞೆಯಂತೆ ಪೋರ್ಟು ಮುಚ್ಚಿದೆ. ಅದರ ಕೆಳಗೆ: ದೊಡ್ಡ ಆಫೀಸು ಸಿಗುತ್ತಿಲ್ಲ, ಮತ್ತೆ ಕರೆಯುತ್ತಿದ್ದೇನೆ. ಸಿಗುತ್ತಿಲ್ಲ, ಮತ್ತೆ ಕರೆಯುತ್ತಿದ್ದೇನೆ. ಅವನು ಕೆಳಗೆ ಕೆಳಗೆ ಓದುತ್ತ ಹೋದ. ಕೊನೆಯವರೆಗೂ ಅದೇ. ಅವನು ಜಗಲಿಯಲ್ಲಿ ಬಯ್ಯುತ್ತಿದ್ದಾಗಲೂ, ಬಸ್ಸು ಚಹಾಕ್ಕೆ ನಿಂತಿದ್ದಾಗಲೂ, ಆ ಪೆಟ್ಟಿಗೆ ಒಂದು ಗಳಿಗೆ ಬಿಡದೆ ಕರೆಯುತ್ತಲೇ ಇತ್ತು. ಅದನ್ನು ಇವನು ಹಠಮಾರಿ ಎಂದಿದ್ದ, ಕಿವುಡು ಎಂದಿದ್ದ. ಕಬ್ಬಿಣದ ಪೆಟ್ಟಿಗೆಯ ಮುಂದೆ ನಾಚಿಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ನಾಚಿಕೊಂಡ.

ತೆರೆ ಎಂದು ಟೈಪ್ ಮಾಡಿದ. ಪೋರ್ಟಿನ ಮೇಲೆ ಹಸಿರು ದೀಪ ಹತ್ತಿತು. ಗೋಡೆಯ ಮೇಲೆ ಬೆಲೆ ಕದಲಿತು. ಬೆಂಚಿನ ಮೇಲಿದ್ದ ರೀಲರುಗಳು ಎದ್ದು ಜಗಳ ಮುಂದುವರಿಸಿದರು.

ಬೀರುವಿನೊಳಗೆ ಇಣುಕುತ್ತಿದ್ದ ಒಬ್ಬ ರೈತನಿಗೆ ಬಹಳ ನಿರಾಶೆಯಾಯಿತು. ದೊಡ್ಡ ರಿಪೇರಿ ನೋಡಲು ಅವನು ಮುಂದೆ ಬಂದು ನಿಂತಿದ್ದ. "ಇಷ್ಟೇನಾ? ಒಂದು ಮಾತಾ?" ಎಂದ.

"ಊಂ, ಒಂದೇ ಮಾತು" ಎಂದರು ಮಾವ. "ಆದ್ರೆ ಬಂದು ಹೇಳಬೇಕು."

ಮನೆಗೆ ಮರಳುವಷ್ಟರಲ್ಲಿ ಗಳಿಗೆ ಕಳೆದು, ರಾಹುಕಾಲವೂ ಮುಗಿದು, ತಿಥಿಯೂ ಕೆಟ್ಟಿತ್ತು. ಬಾಗಿಲ ಬಳಿ ಇದ್ದ ಚೀಲವನ್ನು ಅತ್ತೆ ಒಳಗೆ ಒಯ್ದಿಟ್ಟಿದ್ದರು. ಅವನು ಅತ್ತೆಯ ಮುಂದೆ ನಿಂತು ವೇಗದ ವಿಷಯ, ಪೋರ್ಟಿನ ವಿಷಯ ಎಲ್ಲ ವಿವರಿಸಿದ. ಅತ್ತೆ ಸಾವಧಾನವಾಗಿ ಕೇಳಿ, ಹೋಳಿಗೆ ಬಡಿಸಿದರು. ಮಗಳನ್ನು ಕಳಿಸಲಿಲ್ಲ. ಹೆಂಡತಿ ಹೊಸ್ತಿಲ ಒಳಗೆ ನಿಂತು ಕಳಿಸಿಕೊಟ್ಟಳು, ಅವನು ಬಂದ ಹಾಗೇ ಒಬ್ಬನೇ ಹೋದ. ಹುಣ್ಣಿಮೆ ಕಳೆದ ಮೇಲೆ ಮತ್ತೆ ಬಂದಾಗ ಲ್ಯಾಪ್‌ಟಾಪ್ ತರಲಿಲ್ಲ.

ಕತೆ ಮುಗಿಯಿತು. ಸ್ಕ್ರೀನು ಪೂರ್ತಿ ನಿಂತೋಯ್ತು ಎಂಬಲ್ಲೇ ಶುರುವಾದ ನಗು ಮರಿಸ್ವಾಮಿಗೆ ಇನ್ನೂ ನಿಂತಿರಲಿಲ್ಲ. ಅವನು ಕಣ್ಣೊರೆಸಿಕೊಂಡ.

"ಎಂಥ ಪೆದ್ದ ಗುರುಗಳೇ ಅವನು. ದಾರಿ ಮುಚ್ಚಿದೋನು ತಾನು. ಆ ಕಡೆಯಿಂದ ಉತ್ತರ ಬರಲಿಲ್ಲ ಅಂತ ಪಾಪ ಪೆಟ್ಟಿಗೇನ ಬೈತಾ ಕೂತನಲ್ಲ."

ಮೇಷ್ಟ್ರು ಸ್ಕ್ರೂ ಡ್ರೈವರನ್ನು ಕೈಗೆತ್ತಿಕೊಂಡರು.

"ನಿನ್ನ ತಮ್ಮ ಅವತ್ತೇ ತಪ್ಪಾಯ್ತು ಅಣ್ಣ ಅಂದಿದ್ದರೆ, ಅದು ನಿನಗೆ ಯಾವ ದಾರೀಲಿ ಕೇಳಿಸಬೇಕಿತ್ತು, ಮರಿಸ್ವಾಮಿ?"

ಮರಿಸ್ವಾಮಿ ಜೇಬಿನಿಂದ ಫೋನು ತೆಗೆದು, ಬ್ಲಾಕ್ ಮಾಡಿದ್ದ ನಂಬರನ್ನು ಹುಡುಕತೊಡಗಿದ.